ಅಪ್ರೂವ್ ಒತ್ತಿದ್ದು ನಾನೇ

ಹೋದ ವಾರ ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್ ಮುಗಿಸಿ ಕಾಫಿ ಹಿಡಿದು ಕೂತಾಗ ಒಂದು ವಿಷಯ ಹೊಳೀತು. ನಮ್ಮ ಟೀಮಿನ ಏಳೂ ಜನ ನಿನ್ನೆ ಏನು ಮಾಡಿದೆವು, ಇವತ್ತು ಏನು ಮಾಡ್ತೀವಿ ಅಂತ ಹೇಳಿ ಮುಗಿಸಿದ್ದರು. ಯಾರ ಬಾಯಲ್ಲೂ ಎಐ ಅನ್ನೋ ಪದ ಬರಲಿಲ್ಲ. ಹಾಗಂತ ಯಾರೂ ಬಳಸಿಲ್ಲ ಅಂತಲ್ಲ. ಏಳೂ ಜನ ಬಳಸಿದ್ದರು. ಹೇಳೋಕೆ ಅದರಲ್ಲೇನಿದೆ ಅಂತ ಬಿಟ್ಟಿದ್ದರು, ಅಷ್ಟೆ.

ಎರಡು ಮೂರು ವರ್ಷದ ಹಿಂದೆ ಹೀಗಿರಲಿಲ್ಲ. ಮೊದಮೊದಲು 'ಇದನ್ನ ಚಾಟ್‌ಜಿಪಿಟಿ ಹತ್ರ ಬರೆಸಿದೆ' ಅನ್ನೋದನ್ನ ಪರೀಕ್ಷೆಯಲ್ಲಿ ಪಕ್ಕದವರ ಪೇಪರ್ ನೋಡಿದವರ ಹಾಗೆ ಪಿಸುಮಾತಲ್ಲಿ ಹೇಳ್ತಿದ್ದರು. ಆಮೇಲೆ ಅದೇ ಮಾತನ್ನ ಎದೆಯುಬ್ಬಿಸಿ ಹೇಳೋ ಕಾಲ ಬಂತು. ಪ್ರತಿ ಡೆಮೋದಲ್ಲೂ ಎಐ, ಪ್ರತಿ ಸ್ಲೈಡಲ್ಲೂ ಎಐ. ಈಗ ಪಿಸುಮಾತೂ ಇಲ್ಲ, ಜಂಬವೂ ಇಲ್ಲ. ಮಿಕ್ಸಿಯಲ್ಲಿ ರುಬ್ಬಿದ ಚಟ್ನಿ ಅಂತ ಮನೆಯಲ್ಲಿ ಯಾರಾದ್ರೂ ಹೇಳ್ತಾರಾ? ಚಟ್ನಿ ಅಂತಾರೆ.

ಇಷ್ಟು ಬೇಗ ಹೀಗಾಗುತ್ತೆ ಅಂತ ನಾನಂತೂ ಅಂದುಕೊಂಡಿರಲಿಲ್ಲ. ಗಿಟ್‌ಹಬ್ ಕೋಪೈಲಟ್ ಆಯ್ದ ಕೆಲವರ ಕೈಗೆ ಸಿಕ್ಕಿದ್ದು 2021ರ ಜೂನ್‌ನಲ್ಲಿ. ಮಾರನೇ ವರ್ಷ ತಿಂಗಳಿಗೆ 10 ಡಾಲರ್‌ಗೆ ಎಲ್ಲರಿಗೂ ಸಿಗೋ ಹಾಗಾಯ್ತು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ. 2024ರ ಅಕ್ಟೋಬರ್‌ನಲ್ಲಿ ಸುಂದರ್ ಪಿಚೈ, ಗೂಗಲ್‌ನ ಹೊಸ ಕೋಡ್‌ನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಎಐ ಬರೆದದ್ದು, ಅದನ್ನ ಎಂಜಿನಿಯರ್‌ಗಳು ನೋಡಿ ಒಪ್ಪಿಕೊಳ್ತಾರೆ ಅಂದರು. 2025ರ ಫೆಬ್ರವರಿಯಲ್ಲಿ ಆಂಡ್ರೆ ಕಾರ್ಪಾತಿ 'ವೈಬ್ ಕೋಡಿಂಗ್' ಅನ್ನೋ ಮಾತು ಹುಟ್ಟುಹಾಕಿದರು. ಅಂದರೆ ಕೋಡ್ ಕಡೆ ನೋಡೋದನ್ನೇ ಬಿಟ್ಟು, ಏನು ಬೇಕೋ ಅದನ್ನ ಹೇಳುತ್ತಾ ಹೋಗೋದು. ಆ ವರ್ಷ ಮುಗಿಯುವಷ್ಟರಲ್ಲಿ ಕಾಲಿನ್ಸ್ ನಿಘಂಟಿನವರು ಅದನ್ನೇ ವರ್ಷದ ಪದ ಅಂತ ಆರಿಸಿಬಿಟ್ಟರು.

ಪಿಚೈ ಹೇಳಿದ ಮಾತಲ್ಲಿ ಎಲ್ಲರೂ ಹಿಡಿದುಕೊಂಡಿದ್ದು ಆ ಕಾಲು ಭಾಗವನ್ನ. ನನಗೆ ಈಗ ಕುಟುಕೋದು ಅದರ ಹಿಂದಿನ ತುಣುಕು: 'ಎಂಜಿನಿಯರ್‌ಗಳು ನೋಡಿ ಒಪ್ಪಿಕೊಳ್ತಾರೆ'. ಯಾಕೆ ಅಂತ ಹೇಳ್ತೀನಿ.

ನಮ್ಮದು ಬಸ್ ಟಿಕೆಟ್ ಬುಕಿಂಗ್‌ಗೆ ಸಂಬಂಧಪಟ್ಟ ಸಾಫ್ಟ್‌ವೇರ್. ಕಂಪನಿಯ ಹೆಸರು ಬೇಡ ಬಿಡಿ. ಟಿಕೆಟ್ ಕ್ಯಾನ್ಸಲ್ ಆದಾಗ ದುಡ್ಡು ವಾಪಸ್ ಹೋಗಬೇಕಲ್ಲ, ಆ ಭಾಗವನ್ನ ಹೊಸದಾಗಿ ಬರೆಯಬೇಕಿತ್ತು. ಟೀಮಿಗೆ ಸೇರಿ ಆರು ತಿಂಗಳಾಗಿದ್ದ ಹುಡುಗಿಗೆ ಕೊಟ್ಟೆ. ಚುರುಕು ಹುಡುಗಿ. ಹಿಂದೆಲ್ಲಾ ಎರಡು ವಾರ ಹಿಡೀತಿದ್ದ ಕೆಲಸವನ್ನ ಮೂರು ದಿನದಲ್ಲಿ ಮುಗಿಸಿ, ಶುಕ್ರವಾರ ಸಂಜೆ ಆರೂವರೆಗೆ ಪುಲ್ ರಿಕ್ವೆಸ್ಟ್ ಹಾಕಿದಳು. ಗೊತ್ತಿಲ್ಲದವರಿಗೆ: ಬರೆದ ಕೋಡನ್ನ ಮುಖ್ಯ ಕೋಡಿಗೆ ಸೇರಿಸೋ ಮೊದಲು ಇನ್ನೊಬ್ಬರು ಓದಿ 'ಅಪ್ರೂವ್' ಒತ್ತಬೇಕು. ಆ ಅರ್ಜಿಗೆ ಪುಲ್ ರಿಕ್ವೆಸ್ಟ್ ಅಂತಾರೆ.

'ಮೇಡಂ, ಟೆಸ್ಟ್ ಎಲ್ಲಾ ಪಾಸ್ ಆಗಿದೆ' ಅಂತ ಮೆಸೇಜ್ ಬಂತು. ತೆಗೆದು ನೋಡಿದೆ. ಎಂಟುನೂರು ಸಾಲು. ನೋಡೋಕೆ ಎಷ್ಟು ಅಚ್ಚುಕಟ್ಟು ಅಂದ್ರೆ, ಮದುವೆ ಮನೆಯ ರಂಗೋಲಿ ಇದ್ದ ಹಾಗೆ. ಪ್ರತಿ ಫಂಕ್ಷನ್ ಮೇಲೂ ವಿವರಣೆ, ಹೆಸರುಗಳೆಲ್ಲಾ ಸ್ಪಷ್ಟ, ಮೂವತ್ತೆರಡು ಟೆಸ್ಟ್, ಎಲ್ಲದಕ್ಕೂ ಹಸಿರು ಟಿಕ್. ಮೇಲಿಂದ ಕೆಳಗೆ ಬೆರಳಾಡಿಸಿದೆ. ಮಗನನ್ನ ಕರಾಟೆ ಕ್ಲಾಸಿಂದ ಕರ್ಕೊಂಡು ಬರೋ ಹೊತ್ತಾಗಿತ್ತು. ಅಪ್ರೂವ್ ಒತ್ತಿದೆ.

ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರದ ಒಂದು ಭಾನುವಾರ ಪೇಮೆಂಟ್ ಗೇಟ್‌ವೇ ನಿಧಾನವಾಗಿತ್ತು. ಉತ್ತರ ಕೊಡೋಕೆ ಒದ್ದಾಡ್ತಿತ್ತು. ಅವತ್ತು ಟಿಕೆಟ್ ಕ್ಯಾನ್ಸಲ್ ಮಾಡಿದವರಲ್ಲಿ ಅರವತ್ತಕ್ಕೂ ಹೆಚ್ಚು ಜನಕ್ಕೆ ಎರಡೆರಡು ಸಲ, ಕೆಲವರಿಗೆ ಮೂರು ಸಲ ದುಡ್ಡು ಹೋಗಿಬಿಟ್ಟಿದೆ. ನಮಗೆ ಗೊತ್ತಾಗಿದ್ದು ಮಂಗಳವಾರ. ದುಡ್ಡು ಬರದಿದ್ದರೆ ಜನ ಹತ್ತು ನಿಮಿಷಕ್ಕೆ ಫೋನ್ ಮಾಡ್ತಾರೆ. ಜಾಸ್ತಿ ಬಂದರೆ ಯಾರು ಮಾಡ್ತಾರೆ ಹೇಳಿ? ಅಕೌಂಟ್ಸ್‌ನವರು ಲೆಕ್ಕ ತಾಳೆ ನೋಡುವಾಗ ಸಿಕ್ಕಿಬಿತ್ತು.

ಏನಾಗಿತ್ತು ಅನ್ನೋದನ್ನ ಸರಳವಾಗಿ ಹೇಳ್ತೀನಿ. ಊರಲ್ಲಿರೋ ತಮ್ಮನಿಗೆ 'ಅಪ್ಪನಿಗೆ ಐನೂರು ಕೊಡು' ಅಂತ ಮೆಸೇಜ್ ಹಾಕ್ತೀರಿ. ಉತ್ತರ ಬರಲ್ಲ. ಮತ್ತೆ ಹಾಕ್ತೀರಿ. ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಅವನು ಕೊಟ್ಟಿಲ್ಲ ಅಂತಲ್ಲ. ಕೊಟ್ಟು, ನೆಟ್‌ವರ್ಕ್ ಇಲ್ಲದೆ ಸುಮ್ಮನಿರಬಹುದು. ಎರಡನೇ ಮೆಸೇಜ್ ನೋಡಿ ಇನ್ನೊಂದು ಐನೂರು ಕೊಡ್ತಾನೆ. ಹೀಗಾಗದಿರೋಕೆ ಉಪಾಯ ಇದೆ: ಪ್ರತಿ ಕೋರಿಕೆಗೂ ಒಂದು ನಂಬರ್ ಕೊಡೋದು. 'ನಂಬರ್ 17: ಅಪ್ಪನಿಗೆ ಐನೂರು'. ಮತ್ತೆ ಕಳಿಸುವಾಗಲೂ ಅದೇ 17. ಆಗ ತಮ್ಮ 'ಓ, 17 ಆಗಿದೆ' ಅಂತ ಬಿಡ್ತಾನೆ. ನಮ್ಮ ಭಾಷೆಯಲ್ಲಿ ಇದಕ್ಕೆ ಐಡೆಂಪೊಟೆನ್ಸಿ ಅಂತಾರೆ. ಹೆಸರು ದೊಡ್ಡದು, ವಿಷಯ ಇಷ್ಟೇ.

ತಮಾಷೆ ಏನು ಅಂದ್ರೆ ಎಐಗೆ ಇದು ಗೊತ್ತಿತ್ತು. ನಂಬರ್ ಕೊಡೋ ಸಾಲನ್ನ ಬರೆದಿತ್ತು ಕೂಡ. ಆದರೆ ಆ ಸಾಲು 'ಮೂರು ಸಲ ಪ್ರಯತ್ನಿಸು' ಅನ್ನೋ ಲೂಪಿನ ಒಳಗಿತ್ತು. ಹಾಗಾಗಿ ಮೊದಲನೇ ಸಲ 17, ಎರಡನೇ ಸಲ 18, ಮೂರನೇ ಸಲ 19. ಅದೇ ಸಾಲು ಲೂಪಿನ ಮೇಲೆ, ಹೊರಗಿದ್ದಿದ್ದರೆ ಏನೂ ಆಗ್ತಿರಲಿಲ್ಲ. ಎಂಟುನೂರು ಸಾಲಲ್ಲಿ ಒಂದು ಸಾಲು, ಎರಡು ಸಾಲಷ್ಟು ಕೆಳಗಿತ್ತು.

ಮತ್ತೆ ಆ ಮೂವತ್ತೆರಡು ಟೆಸ್ಟ್? ಅವನ್ನ ಬರೆದಿದ್ದೂ ಅದೇ ಎಐ, ಅದೇ ಕೋಡನ್ನ ಓದಿ. ನಂಬರ್ ಕಳಿಸಿದೆಯಾ? ಕಳಿಸಿದೆ, ಪಾಸ್. ಮೂರು ಸಲ ಪ್ರಯತ್ನಿಸ್ತಾ? ಪ್ರಯತ್ನಿಸ್ತು, ಪಾಸ್. ಮೂರು ಸಲವೂ ಒಂದೇ ನಂಬರ್ ಹೋಯ್ತಾ ಅಂತ ಯಾವ ಟೆಸ್ಟೂ ಕೇಳಲಿಲ್ಲ. ಉತ್ತರ ಬರೆದವನೇ ಪ್ರಶ್ನೆಪತ್ರಿಕೆಯನ್ನೂ ತಯಾರಿಸಿ, ಕೊನೆಗೆ ತಾನೇ ಮೌಲ್ಯಮಾಪನ ಮಾಡಿದರೆ ನೂರಕ್ಕೆ ನೂರು ಬರದೆ ಇನ್ನೆಷ್ಟು ಬರುತ್ತೆ?

ಜನರಿಗೆ ಫೋನ್ ಮಾಡಿ ದುಡ್ಡು ವಾಪಸ್ ಕೇಳೋ ಕೆಲಸ ನಾಲ್ಕು ದಿನ ನಡೀತು. ಹೆಚ್ಚಿನವರು ಕೊಟ್ಟರು. ದಾವಣಗೆರೆ ಕಡೆಯ ಹಿರಿಯರೊಬ್ಬರು, 'ಯಾರದೋ ದುಡ್ಡು ಬಂದಿದೆ ಅಂತ ಗೊತ್ತಿತ್ತಮ್ಮ, ಮುಟ್ಟಿಲ್ಲ, ಹಾಗೇ ಇಟ್ಟಿದ್ದೀನಿ' ಅಂದರು. ಆ ಮಾತು ಕೇಳಿ ನನಗೆ ಇನ್ನಷ್ಟು ನಾಚಿಕೆಯಾಯ್ತು.

ಮೀಟಿಂಗ್‌ನಲ್ಲಿ ಮ್ಯಾನೇಜರ್ ಕೇಳಿದರು: 'ಇದನ್ನ ಬರೆದಿದ್ದು ಯಾರು?' ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗಿ ತೀರಾ ಸಣ್ಣ ದನಿಯಲ್ಲಿ 'ಎಐ, ಸರ್' ಅಂದಳು. ಅವಳು ತಪ್ಪಿಸಿಕೊಳ್ಳೋಕೆ ನೋಡಲಿಲ್ಲ, ಇದ್ದದ್ದನ್ನ ಹೇಳಿದಳು. ಆದರೆ ಕೋಡಿನ ಇತಿಹಾಸ ತೆಗೆದರೆ ಅಲ್ಲಿದ್ದದ್ದು ಎರಡೇ ಹೆಸರು. ಬರೆದವರು: ಅವಳು. ಅಪ್ರೂವ್ ಮಾಡಿದವರು: ನಾನು. ಯಂತ್ರದ ಹೆಸರು ಎಲ್ಲೂ ಇರಲಿಲ್ಲ. ಇದ್ದಿದ್ದರೂ ಅದನ್ನ ಕರೆದು ಕುರ್ಚಿ ಹಾಕಿ ಕೂರಿಸಿ ಕೇಳೋಕಾಗುತ್ತಾ?

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾಡಿದ್ದು ಹೋದ ದುಡ್ಡಲ್ಲ. ಇದೇ ತಪ್ಪನ್ನ ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಮಾಡಿದ್ದೆ. ಆಗ ಎಐ ಇರಲಿಲ್ಲ, ನನ್ನ ಕೈಯಾರೆ ಮಾಡಿದ್ದೆ. ಎರಡು ರಾತ್ರಿ ಆಫೀಸಲ್ಲೇ ಕೂತು, ಲಾಗ್ ಫೈಲುಗಳನ್ನ ಸಾಲು ಸಾಲಾಗಿ ಓದಿ, ಬೆಳಗಿನ ಜಾವ ನಾಲ್ಕಕ್ಕೆ 'ಅಯ್ಯೋ' ಅಂತ ಹಣೆ ಚಚ್ಚಿಕೊಂಡಿದ್ದೆ. ಆಮೇಲೆ ಹತ್ತು ವರ್ಷ ಎಲ್ಲೇ 'ಮತ್ತೆ ಪ್ರಯತ್ನಿಸು' ಅನ್ನೋ ಲೂಪ್ ಕಂಡರೂ ಕಣ್ಣು ತಾನಾಗೇ ಅಲ್ಲಿ ನಿಲ್ತಿತ್ತು. ಈ ಸಲ ನಿಲ್ಲಲಿಲ್ಲ, ಯಾಕಂದ್ರೆ ನಾನು ಓದಲೇ ಇಲ್ಲ. ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನೋಡಲಿಲ್ಲ. ಎರಡೂ ಒಂದೇ ತೂಕದ ತಪ್ಪಲ್ಲ ಅಂತ ನನ್ನ ಅಭಿಪ್ರಾಯ.

ಹಳಬರು ಸಮಾಧಾನ ಹೇಳೋಕೆ ಕಂಪೈಲರ್ ಕಥೆ ತರ್ತಾರೆ. 1950ರ ದಶಕದಲ್ಲಿ ಗ್ರೇಸ್ ಹಾಪರ್ ಕಂಪೈಲರ್ ಅನ್ನೋ ಕಲ್ಪನೆ ತಂದಾಗ, 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಹೊರತಂದಾಗ, ಕೈಯಲ್ಲಿ ಬರೆದಷ್ಟು ಒಳ್ಳೆಯ ಕೋಡನ್ನ ಯಂತ್ರ ಬರೆಯುತ್ತಾ ಅಂತ ಎಷ್ಟೋ ಜನ ನಂಬಲಿಲ್ಲ. ಆಮೇಲೆ ಎಲ್ಲರೂ ನಂಬಿದರು, ಕಂಪೈಲರ್ ಇದೆ ಅನ್ನೋದೇ ಮರೆತುಹೋಯ್ತು. ಎಐ ಕೂಡ ಹಾಗೇ ಅಂತ ಇವರ ವಾದ.

ಅರ್ಧ ಒಪ್ತೀನಿ. ಮರೆತುಹೋಗೋ ಭಾಗ ಆಗಲೇ ಶುರುವಾಗಿದೆ. ಆದರೆ ಕಂಪೈಲರ್ ಕೊಟ್ಟದ್ದನ್ನ ನಾವು ಓದದೇ ನಂಬೋದಕ್ಕೆ ಕಾರಣ ಇದೆ. ಅದಕ್ಕೆ ನಿಯಮ ಇದೆ. ಒಂದೇ ಕೋಡನ್ನ ಇವತ್ತು ಕೊಟ್ಟರೂ ನಾಳೆ ಕೊಟ್ಟರೂ ಅದು ಮಾಡೋ ಅರ್ಥ ಒಂದೇ. ಎಐ ಹಾಗಲ್ಲ. ಅದೇ ಪ್ರಶ್ನೆಯನ್ನ ಎರಡು ಸಲ ಕೇಳಿ, ಎರಡು ಬೇರೆ ಬೇರೆ ಉತ್ತರ ಬರಬಹುದು. ಒಂದರಲ್ಲಿ ಆ ಸಾಲು ಲೂಪಿನ ಹೊರಗೆ, ಇನ್ನೊಂದರಲ್ಲಿ ಒಳಗೆ. ಎರಡನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಕೊಡುತ್ತೆ. ಕೆಲವು ಸಲ ಇಲ್ಲದ ಲೈಬ್ರರಿಯನ್ನೇ ಇದೆ ಅಂತ ಬರೆಯುತ್ತೆ. ಹದಿನಾರು ಎಐ ಮಾದರಿಗಳಿಂದ 5,76,000 ಕೋಡ್ ತುಣುಕು ಬರೆಸಿ ಪರೀಕ್ಷಿಸಿದ ಸಂಶೋಧಕರಿಗೆ, ಅವು ಸೂಚಿಸಿದ ಪ್ಯಾಕೇಜ್‌ಗಳಲ್ಲಿ ಸುಮಾರು ಶೇಕಡ 20ರಷ್ಟು ಪ್ರಪಂಚದಲ್ಲೇ ಇಲ್ಲದವು ಅಂತ ಕಂಡಿತು. ಆ ಹೆಸರಲ್ಲಿ ಯಾರಾದ್ರೂ ಕಳ್ಳ ಪ್ಯಾಕೇಜ್ ಮಾಡಿ ಇಟ್ಟರೆ ಗತಿ ಏನು ಅಂತ ಯೋಚಿಸಿ.

ಅಂದರೆ ಓದಲೇಬೇಕು. ಬರೆಯೋ ಕೆಲಸ ಕಡಿಮೆಯಾಗಿದೆ, ಓದೋ ಕೆಲಸ ಜಾಸ್ತಿಯಾಗಿದೆ. ಓದೋದು ಬರೆಯೋದಕ್ಕಿಂತ ಬೇಜಾರಿನ ಕೆಲಸ, ಅದನ್ನ ಯಾರೂ ಹೇಳಲ್ಲ.

ಎಂಇಟಿಆರ್ ಅನ್ನೋ ಅಮೆರಿಕದ ಸಂಸ್ಥೆ 2025ರಲ್ಲಿ ಒಂದು ಪ್ರಯೋಗ ಮಾಡಿತು. ಹದಿನಾರು ಅನುಭವಿ ಡೆವಲಪರ್‌ಗಳು, ಅವರು ವರ್ಷಗಟ್ಟಲೆ ಕೆಲಸ ಮಾಡಿದ ತಮ್ಮದೇ ಕೋಡ್, 246 ಕೆಲಸ. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಬಳಸುವಂತಿಲ್ಲ. ಶುರುವಿಗೆ ಮೊದಲು ಶೇಕಡ 24ರಷ್ಟು ಸಮಯ ಉಳಿಯುತ್ತೆ ಅಂದಿದ್ದರು. ಗಡಿಯಾರದ ಪ್ರಕಾರ ಎಐ ಬಳಸಿದಾಗ ಶೇಕಡ 19ರಷ್ಟು ಸಮಯ ಹೆಚ್ಚೇ ಹಿಡಿದಿತ್ತು. ಎಲ್ಲಾ ಮುಗಿದ ಮೇಲೆ ಕೇಳಿದರೆ, 'ಶೇಕಡ 20ರಷ್ಟು ಉಳೀತು' ಅಂತಲೇ ಅವರ ಉತ್ತರ! ಇದು ಹದಿನಾರೇ ಜನರ ಪ್ರಯೋಗ, ಆಗಿನ ಟೂಲ್‌ಗಳು; ಈಗ ಮಾಡಿದರೆ ಬೇರೆ ಅಂಕಿ ಬರಬಹುದು. ನನಗೆ ಆ ಹತ್ತೊಂಬತ್ತಕ್ಕಿಂತ ಮುಖ್ಯ ಅನಿಸಿದ್ದು ಅನಿಸಿಕೆಗೂ ಗಡಿಯಾರಕ್ಕೂ ಇದ್ದ ಅಂತರ. ನನ್ನ ಎಂಟುನೂರು ಸಾಲನ್ನ ನಾನೂ 'ಓದಿದೆ' ಅಂತಲೇ ಅಂದುಕೊಂಡಿದ್ದೆ.

ಇನ್ನೊಂದು ಚಿಕ್ಕ ಪ್ರಸಂಗ ಹೇಳಿಬಿಡ್ತೀನಿ, ಇದರಲ್ಲಿ ನಾವು ಬಚಾವಾದೆವು. ಕೌಂಟರ್‌ನಲ್ಲಿ ಕೊಡೋ ಸಣ್ಣ ಟಿಕೆಟ್ ಚೀಟಿಯಲ್ಲಿ ಪ್ರಯಾಣಿಕರ ಹೆಸರನ್ನ ಕನ್ನಡದಲ್ಲಿ ಮುದ್ರಿಸಬೇಕಿತ್ತು. ಜಾಗ ಕಮ್ಮಿ, ಹತ್ತು ಅಕ್ಷರ ಸಾಕು ಅಂತ ನಿರ್ಧಾರ. ಎಐ ಒಂದೇ ಸಾಲಲ್ಲಿ ಬರೆದುಕೊಟ್ಟಿತು: ಹೆಸರು ಹತ್ತಕ್ಕಿಂತ ಉದ್ದ ಇದ್ದರೆ ಹತ್ತಕ್ಕೆ ಕತ್ತರಿಸು. ಇಂಗ್ಲಿಷ್ ಹೆಸರುಗಳಿಗೆ ಸರಿಯಾಗೇ ಇತ್ತು. ನಮ್ಮ ಟೆಸ್ಟಿಂಗ್ ಹುಡುಗ ಸುಮ್ಮನೆ ತನ್ನ ಅಮ್ಮನ ಹೆಸರು ಹಾಕಿ ನೋಡಿದ. ಭಾಗ್ಯಲಕ್ಷ್ಮಿ. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ: ಭಾ, ಗ್ಯ, ಲ, ಕ್ಷ್ಮಿ. ಕಂಪ್ಯೂಟರ್ ಎಣಿಸೋದು ಹನ್ನೆರಡು, ಯಾಕಂದ್ರೆ ಯುನಿಕೋಡ್‌ನಲ್ಲಿ ಕಾಗುಣಿತದ ಗುರುತು, ಒತ್ತಕ್ಷರ ಕೂಡಿಸೋ ಗುರುತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಹತ್ತಕ್ಕೆ ಕತ್ತರಿಸಿದಾಗ ಚೀಟಿಯಲ್ಲಿ ಬಂದಿದ್ದು 'ಭಾಗ್ಯಲಕ್ಷ್'.

ಹುಡುಗನಿಗೆ ಕೋಪ ಬಂದು, 'ನಮ್ಮಮ್ಮನ ಹೆಸರನ್ನ ಬಸ್ಸಿನ ಬಾಗಿಲಿಗೆ ಸಿಗಿಸಿಬಿಟ್ರಲ್ಲ' ಅಂದ. ಎಲ್ಲರೂ ನಕ್ಕೆವು. ಆಮೇಲೆ ಅದೇ ಎಐಯನ್ನ ಕೇಳಿದೆ: ಕನ್ನಡದ ಒತ್ತಕ್ಷರ ಒಡೆಯದ ಹಾಗೆ ಹೆಸರು ಕತ್ತರಿಸೋದು ಹೇಗೆ? ಅದು ಯುನಿಕೋಡ್‌ನ ನಿಯಮ ಸಮೇತ, ಯಾವ ಲೈಬ್ರರಿ ಬಳಸಬೇಕು ಅಂತ ನನಗಿಂತ ಚೆನ್ನಾಗಿ ವಿವರಿಸಿತು. ಎಲ್ಲಾ ಗೊತ್ತಿತ್ತು ಅದಕ್ಕೆ. ಕೇಳಿದ್ರೆ ಹೇಳುತ್ತೆ. ಕೇಳಬೇಕು ಅಂತ ನಮಗೆ ಗೊತ್ತಿರಬೇಕು.

ಆ ಗೊತ್ತಿರೋದು ಎಲ್ಲಿಂದ ಬರುತ್ತೆ? ನನಗೆ ಬಂದದ್ದು ಆ ಎರಡು ರಾತ್ರಿಗಳಿಂದ. ಟೆಸ್ಟಿಂಗ್ ಹುಡುಗನಿಗೆ ಅಮ್ಮನ ಹೆಸರಿಂದ. ಹೊಸದಾಗಿ ಬರೋವರಿಗೆ?

ಮದುವೆ ಮನೆಗಳಲ್ಲಿ ಈಗ ನಮ್ಮಂಥವರಿಗೆ ಒಂದು ಹೊಸ ಪ್ರಶ್ನೆ ಕಾದಿರುತ್ತೆ. ಮೊದಲು 'ಅಮೆರಿಕಕ್ಕೆ ಯಾವಾಗ?' ಅಂತಿದ್ದರು. ಈಗ ಊಟದ ಎಲೆ ಮುಂದೆ ಕೂತ ಚಿಕ್ಕಪ್ಪ, 'ಅದೇನೋ ಎಐ ಅಂತೆ, ಎಲ್ಲಾ ಅದೇ ಮಾಡುತ್ತಂತೆ. ಮತ್ತೆ ನಿನ್ನನ್ನ ಯಾಕೆ ಇಟ್ಕೊಂಡಿದ್ದಾರೆ?' ಅಂದರು. ಹೋಳಿಗೆ ಬಾಯಲ್ಲಿತ್ತು, ಉತ್ತರ ಕೊಡೋ ಕಷ್ಟ ತಪ್ಪಿತು. ಆದರೆ ಅವರ ಪಕ್ಕದಲ್ಲಿ ಕೂತಿದ್ದ ಅವರ ಮಗ, ಸಿಇಟಿ ಬರೆದು ಕಂಪ್ಯೂಟರ್ ಸೈನ್ಸ್ ಸೀಟಿಗೆ ಕಾಯ್ತಿದ್ದ ಹುಡುಗ, ತಲೆಯೆತ್ತಿ ನನ್ನ ಮುಖವನ್ನೇ ನೋಡ್ತಿದ್ದ. ಅವನಿಗೆ ಅದು ತಮಾಷೆ ಆಗಿರಲಿಲ್ಲ.

ಅವನಿಗೆ ಸುಳ್ಳು ಧೈರ್ಯ ಹೇಳೋಕೆ ನನಗೆ ಮನಸ್ಸಾಗಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2025ರಲ್ಲಿ ಅಮೆರಿಕದ ಸಂಬಳದ ದಾಖಲೆಗಳನ್ನ ಇಟ್ಟುಕೊಂಡು ಲೆಕ್ಕ ಹಾಕಿದಾಗ, ಎಐ ಹೆಚ್ಚು ಮುಟ್ಟುವ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ, ಉಳಿದವರಿಗೆ ಹೋಲಿಸಿದರೆ, ಶೇಕಡ 13ರಷ್ಟು ಇಳಿದಿದ್ದು ಕಂಡಿತು. ಅನುಭವ ಇದ್ದವರ ಕೆಲಸಕ್ಕೆ ಹಾಗೇನೂ ಆಗಿರಲಿಲ್ಲ. ಅದು ಅಮೆರಿಕದ ಲೆಕ್ಕ, ಬೆಂಗಳೂರಿಗೆ ಹಾಗೇ ಎತ್ತಿ ಇಡೋಕಾಗಲ್ಲ. ಆದರೆ ಆ ಲೆಕ್ಕದ ಹಿಂದಿನ ಕಾರಣ ನನಗೆ ನಮ್ಮ ಟೀಮಿನಲ್ಲೇ ಕಾಣುತ್ತೆ.

ನಮ್ಮ ಐಟಿ ಉದ್ಯಮ ನಿಂತಿರೋದು ಪಿರಮಿಡ್ ಲೆಕ್ಕದ ಮೇಲೆ. ಕೆಳಗೆ ತುಂಬಾ ಜನ ಹೊಸಬರು, ಮೇಲೆ ಹೋದಂತೆ ಕಮ್ಮಿ. ಇನ್ಫೋಸಿಸ್ ಮೈಸೂರಿನಲ್ಲಿ ಅಷ್ಟು ದೊಡ್ಡ ತರಬೇತಿ ಕ್ಯಾಂಪಸ್ ಕಟ್ಟಿದ್ದು ಸುಮ್ಮನೆ ಅಲ್ಲ. ಮೆಕ್ಯಾನಿಕಲ್ ಓದಿದವರನ್ನೂ ಸಿವಿಲ್ ಓದಿದವರನ್ನೂ ತಿಂಗಳುಗಟ್ಟಲೆ ಕೂರಿಸಿ ಕೋಡ್ ಕಲಿಸೋಕೆ. ಅಲ್ಲಿಂದಾಚೆಗೆ ಪ್ರಾಜೆಕ್ಟ್‌ಗೆ ಬಂದ ಹೊಸಬರಿಗೆ ಕೊಡ್ತಿದ್ದ ಕೆಲಸ ಎಂಥದ್ದು? ದಿನಾಂಕ ತಪ್ಪು ಬರ್ತಿದೆ, ಸರಿ ಮಾಡು. ಈ ಬಟನ್ ಸರಿಸು. ಇದಕ್ಕೆ ಟೆಸ್ಟ್ ಬರಿ. ರಾತ್ರಿ ಲಾಗ್‌ನಲ್ಲಿ ಏನಾಯ್ತು ನೋಡಿ ಹೇಳು. ಎಲ್ಲರೂ ಬೈಕೊಂಡು ಮಾಡ್ತಿದ್ದ ಚಿಲ್ಲರೆ ಕೆಲಸ. ಆ ಚಿಲ್ಲರೆ ಕೆಲಸ ಮಾಡ್ತಾ ಮಾಡ್ತಾ ಒಂದು ದೊಡ್ಡ ಕೋಡ್ ಎಲ್ಲಿ ಸೋರುತ್ತೆ ಅಂತ ಮೈಗೆ ಹತ್ತುತ್ತಿತ್ತು. ಈಗ ಎಐ ಮೊದಲು ತೆಗೆದುಕೊಂಡಿರೋದು ಆ ಚಿಲ್ಲರೆ ಕೆಲಸವನ್ನೇ. ನನಗೂ ಅದು ಸುಲಭ: ಹೊಸಬರಿಗೆ ಅರ್ಧ ಗಂಟೆ ವಿವರಿಸಿ, ಎರಡು ದಿನ ಕಾದು, ತಿದ್ದೋದಕ್ಕಿಂತ ಎಐಗೆ ಹೇಳಿದರೆ ಹತ್ತು ನಿಮಿಷ. ಹತ್ತು ನಿಮಿಷದ ಆ ಆಸೆಯನ್ನ ಎಷ್ಟು ಸಲ ಗೆದ್ದಿದ್ದೀನಿ ಅಂತ ಕೇಳಬೇಡಿ.

ಹಾಗಂತ ಇದನ್ನ ಬಿಟ್ಟು ಹಳೇ ದಾರಿಗೆ ಹೋಗೋಣ ಅನ್ನೋ ಗುಂಪಿಗೆ ನಾನು ಸೇರಿದವಳಲ್ಲ. ಹೋದ ತಿಂಗಳು ಹನ್ನೆರಡು ವರ್ಷ ಹಳೆಯ ಕೋಡೊಂದನ್ನ ಮುಟ್ಟಬೇಕಾಯ್ತು. ಬರೆದವರು ಯಾರೂ ಈಗ ಕಂಪನಿಯಲ್ಲಿಲ್ಲ, ಒಂದು ಪುಟ ದಾಖಲೆಯಿಲ್ಲ. ಎಐ ಮುಂದೆ ಹರವಿ, ಇದು ಯಾಕೆ ಹೀಗಿದೆ, ಇದನ್ನ ಯಾರು ಕರೀತಾರೆ ಅಂತ ಒಂದೊಂದಾಗಿ ಕೇಳಿದೆ. ಒಂದು ವಾರದ ಅಗೆತ ಒಂದು ಮಧ್ಯಾಹ್ನಕ್ಕೆ ಮುಗೀತು. ನಮ್ಮ ಹುಡುಗಿಯೂ ಹೀಗೆ ಕಲಿಯೋದನ್ನ ನೋಡಿದ್ದೀನಿ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡಿ 'ಈ ಲೈನ್ ಯಾಕೆ ಬೇಕು' ಅಂತ ಕೇಳ್ತಾಳೆ, ಅದು ತಾಳ್ಮೆಯಿಂದ ಹೇಳುತ್ತೆ. 'ನಿಮ್ಮನ್ನ ಅದನ್ನೇ ನಾಲ್ಕು ಸಲ ಕೇಳೋಕೆ ಸಂಕೋಚ ಮೇಡಂ, ಅದರ ಹತ್ರ ಸಂಕೋಚ ಇಲ್ಲ' ಅಂದಳು. ನನ್ನ ಮುಖ ಅಷ್ಟು ಗಂಟು ಇರುತ್ತಾ ಅಂತ ಬೇಜಾರಾಯ್ತು, ಆದರೆ ಮಾತು ನಿಜ. ಬರೆದುಕೊಡು ಅಂತ ಕೇಳೋ ಬಾಯಿಗೂ ಯಾಕೆ ಅಂತ ಕೇಳೋ ಬಾಯಿಗೂ ಅದು ಒಂದೇ ಥರ ಉತ್ತರ ಕೊಡುತ್ತೆ. ಯಾವುದನ್ನ ಕೇಳ್ತೀವಿ ಅನ್ನೋದು ನಮ್ಮ ಕೈಲಿದೆ.

ಆ ರೀಫಂಡ್ ರಾದ್ಧಾಂತದ ಮೇಲೆ ಟೀಮಿನಲ್ಲಿ ಕೆಲವು ಬದಲಾವಣೆ ಮಾಡಿದ್ದೀವಿ. ಪುಲ್ ರಿಕ್ವೆಸ್ಟ್ ಇನ್ನೂರು ಸಾಲು ದಾಟಬಾರದು. ದಾಟಿದರೆ ಒಡೆದು ತನ್ನಿ, ಯಂತ್ರ ಬರೆದಿದೆ ಅಂದ್ರೆ ಯಂತ್ರಕ್ಕೇ ಒಡೆಯೋಕೆ ಹೇಳಿ. ದುಡ್ಡು ಮುಟ್ಟೋ ಕೋಡ್ ಆದರೆ, ಹಾಕಿದವರು ಸ್ಕ್ರೀನ್ ನೋಡದೆ ಅದು ಏನು ಮಾಡುತ್ತೆ ಅಂತ ಬಾಯಲ್ಲಿ ಹೇಳಬೇಕು. ಟೆಸ್ಟ್ ಬರೆಸೋಕೆ ಮೊದಲು, ಕೋಡನ್ನೂ ನೋಡದೆ, ಏನೇನು ಕೆಡಬಹುದು ಅಂತ ಕಾಗದದ ಮೇಲೆ ಬರೆಯಬೇಕು: ಉತ್ತರ ಬರದೇ ಇದ್ದರೆ? ತಡವಾಗಿ ಬಂದರೆ? ಎರಡು ಸಲ ಬಂದರೆ? ಟೆಸ್ಟ್‌ಗಳನ್ನ ಆಮೇಲೆ ಎಐ ಬರೆಯಲಿ, ಆಕ್ಷೇಪಣೆಯಿಲ್ಲ. ಪ್ರಶ್ನೆಪತ್ರಿಕೆ ಮಾತ್ರ ನಮ್ಮದಿರಲಿ.

ಇನ್ನೊಂದು ಇದೆ. ಪ್ರತಿ ಬುಧವಾರ ಮಧ್ಯಾಹ್ನ ಎರಡು ಗಂಟೆ, ಹಿಂದೆಂದೋ ಬಂದು ಸರಿಯಾಗಿರೋ ಒಂದು ಬಗ್‌ನ ಹಳೇ ಕೋಡ್ ತೆಗೆದು ಹೊಸಬರ ಮುಂದೆ ಇಡ್ತೀವಿ. ಎಐ ಬಂದ್. ಲಾಗ್ ನೋಡಿ, ಊಹೆ ಮಾಡಿ, ಹುಡುಕಿ. ಮೊದಲನೇ ಬುಧವಾರ ಜಿಮ್‌ಗೆ ಸೇರಿದ ಮೊದಲ ದಿನದ ಹಾಗಿತ್ತು, ಎಲ್ಲರ ಮುಖದಲ್ಲೂ ನೋವು. ಮೂರನೇ ವಾರಕ್ಕೆ ಜಗಳ ಶುರುವಾಯ್ತು, 'ಅಲ್ಲಿಲ್ಲ ಕಣೋ, ಇಲ್ಲಿ ನೋಡು' ಅಂತ. ಆ ಜಗಳ ಕೇಳಿ ನನಗೆ ಎಷ್ಟು ಖುಷಿಯಾಯ್ತು ಅಂತ ಅವರಿಗೆ ಹೇಳಿಲ್ಲ. ಮ್ಯಾನೇಜರ್‌ಗೆ ಇದು ಅಷ್ಟಾಗಿ ಹಿಡಿಸಿಲ್ಲ. ವಾರಕ್ಕೆ ಎರಡು ಗಂಟೆ ಅಂದ್ರೆ ಇಷ್ಟು ಜನಕ್ಕೆ ಎಷ್ಟು ಗಂಟೆ ಅಂತ ಎಕ್ಸೆಲ್‌ನಲ್ಲಿ ತೋರಿಸಿದರು. ಮುಂದಿನ ರಿಲೀಸ್ ಹತ್ತಿರ ಬಂದಾಗ ಮೊದಲು ಕತ್ತರಿ ಬೀಳೋದು ಈ ಬುಧವಾರಕ್ಕೇ ಅನ್ನೋದು ನನಗೆ ಗೊತ್ತಿದೆ. ಅಲ್ಲಿವರೆಗೆ ನಡೆಸೋಣ ಅಂತ.

ಚಿಕ್ಕಪ್ಪನ ಮಗನಿಗೆ ಆಮೇಲೆ ಫೋನ್ ಮಾಡಿ ಇದನ್ನೇ ಹೇಳಿದೆ. ಸೀಟ್ ಸಿಕ್ಕರೆ ಸೇರು, ಎಐ ಬಳಸು, ಆದರೆ ಮೊದಲ ಎರಡು ವರ್ಷ ನಿನ್ನ ಕೋಡ್ ಕೆಟ್ಟಾಗ ನೀನೇ ಹುಡುಕು ಅಂದೆ. 'ಅದೇನು ಅಕ್ಕ, ಕ್ಯಾಲ್ಕುಲೇಟರ್ ಇರುವಾಗ ಮಗ್ಗಿ ಬಾಯಿಪಾಠ ಮಾಡು ಅಂದ ಹಾಗಿದೆ' ಅಂದ. ಹೌದು, ಹಾಗೇ ಇದೆ. ಅಂಗಡಿಯವನು ಕೊಟ್ಟ ಚಿಲ್ಲರೆ ತಪ್ಪು ಅಂತ ಕ್ಯಾಲ್ಕುಲೇಟರ್ ತೆಗೆಯೋ ಮೊದಲೇ ಅನಿಸಬೇಕಲ್ಲ ಅಂದೆ. ಒಪ್ಪಿದನೋ ಇಲ್ಲವೋ, 'ಸರಿ ಅಕ್ಕ' ಅಂದು ಫೋನ್ ಇಟ್ಟ. ಆ ವಯಸ್ಸಲ್ಲಿ ನಾನೂ ಹಾಗೇ ಇಡ್ತಿದ್ದೆ.

ಈ ಗುರುವಾರ ನಾನೇ ಒಂದು ಪುಲ್ ರಿಕ್ವೆಸ್ಟ್ ಹಾಕಿದೆ. ಅದೇ ರೀಫಂಡ್ ಭಾಗಕ್ಕೆ ಸೇರಿದ್ದು, ನೂರ ನಲವತ್ತು ಸಾಲು, ಮುಕ್ಕಾಲು ಪಾಲು ಎಐ ಬರೆದದ್ದು. ರಿವ್ಯೂಗೆ ಬೇಕಂತಲೇ ಆ ಹುಡುಗಿಯ ಹೆಸರು ಹಾಕಿದೆ. ಅರ್ಧ ಗಂಟೆಯಲ್ಲಿ ಮೊದಲ ಕಾಮೆಂಟ್ ಬಂತು: 'ಮೇಡಂ, ನಂಬರ್ ಕೊಡೋ ಸಾಲು ಲೂಪಿನ ಹೊರಗಿದೆ, ನೋಡಿದೆ 🙂'. ನಕ್ಕೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಬಂತು: 'ಉತ್ತರಕ್ಕೆ 30 ಸೆಕೆಂಡ್ ಕಾಯಬೇಕು ಅಂತಿದೆ. ಯಾಕೆ 30?'

ಯಾಕೆ 30? ನಾನು ಬರೆದದ್ದಲ್ಲ ಅದು. ಎಐ ಹಾಕಿತ್ತು, ಸರಿಯಾಗೇ ಕಾಣ್ತಿತ್ತು, ಬಿಟ್ಟಿದ್ದೆ. ಗೇಟ್‌ವೇಯವರ ದಾಖಲೆ ತೆಗೆದು ಹುಡುಕೋಕೆ ಕೂತೆ. ಅದರಲ್ಲಿ ಸಿಗಲಿಲ್ಲ, ಅವರಿಗೆ ಮೇಲ್ ಹಾಕಿದ್ದೀನಿ. ಅವಳಿನ್ನೂ ಅಪ್ರೂವ್ ಒತ್ತಿಲ್ಲ.